ಹಾಡುವುದೂ ಹಾಡಿಸುವುದೂ

ದಾನವನ್ನು ಮತ್ತೊಬ್ಬರ ಕೈಯಿಂದ ಮಾಡಿಸಬಹುದು. ಉಪವಾಸವನ್ನು ಮತ್ತೊಬ್ಬರ ಹೊಟ್ಟೆಯಿಂದ ಮಾಡಿಸಲು ಬಾರದು. ಶ್ರಾವಕನ ಆಚರಣೆಗಳನ್ನು ಹೀಗೆ ಎರಡು ಪಾಲು ಮಾಡಿ ನೋಡಿದರೆ, ಬಸದಿಯಲ್ಲಿ ಹತ್ತು ಜನ ಕುಳಿತು ಒಟ್ಟಾಗಿ ಹಾಡುವ ಭಜನೆ ಯಾವ ಪಾಲಿಗೆ ಸೇರುತ್ತದೆ? ಮೇಲುನೋಟಕ್ಕೆ ಇದು ಅಷ್ಟೇನೂ ಗಹನವಾದ ಪ್ರಶ್ನೆಯೆನಿಸದು. ಆದರೆ ಪರ್ವಕಾಲದ ಖರ್ಚಿನ ಅಂದಾಜು ತಯಾರಿಸಲು ಕುಳಿತ ಟ್ರಸ್ಟಿನ ಸಭೆಗಳಲ್ಲಿ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬರುತ್ತಿರುತ್ತದೆ: ದಶಲಕ್ಷಣ ಪರ್ವಕ್ಕೆ ಹೊರಗಿನಿಂದ ವಾದ್ಯವೃಂದವನ್ನು ಕರೆಸುವುದೋ, ನಮ್ಮವರೇ ಹಾಡುವುದೋ? ತಂಡದವರು ಒಂದು ರಾತ್ರಿಗೆ ಇಷ್ಟು ಎಂದು ಕೇಳುತ್ತಾರೆ, ದಾನಿಗಳು ಮುಂದೆ ಬರುತ್ತಾರೆ, ಠರಾವು ಪಾಸಾಗುತ್ತದೆ. ದಾನಿಗೆ ಪುಣ್ಯ, ಕೇಳುವವರಿಗೆ ಸಂತೋಷ, ಹಾಡುವವರಿಗೆ ಸಂಭಾವನೆ. ಇದರಲ್ಲಿ ತಪ್ಪೇನಿದೆ ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ತಪ್ಪಿದೆ ಎಂದು ನಾವು ಹೇಳುತ್ತಲೂ ಇಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಏನೋ ಒಂದು ಕೈತಪ್ಪಿ ಹೋಗುತ್ತದೆ. ಅದು ಏನೆಂಬುದನ್ನು ಸವದತ್ತಿಯ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟ ಅರಸರು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ರಾಜಧಾನಿಯನ್ನು ಬದಲಿಸುವ ಮುನ್ನ ಆಳಿದ ಊರು ಇದು. ಕ್ರಿ.ಶ. 980ರ ಇಲ್ಲಿಯ ಶಾಸನದಲ್ಲಿ ರಟ್ಟ ಶಾಂತಿವರ್ಮನು ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಇದೆ. ಆತನ ತಾಯಿಯೂ ಅಷ್ಟೇ ಭೂಮಿಯನ್ನು ಕೊಟ್ಟಳು. ಮತ್ತರಿನ ಲೆಕ್ಕ ಸಾವಿರ ವರ್ಷ ಉಳಿದು ನಮ್ಮವರೆಗೆ ಬಂದಿದೆ. ಆ ಜಿನಾಲಯದಲ್ಲಿ ಸಂಜೆಯ ಹೊತ್ತು ಯಾರು ಕುಳಿತು ಏನನ್ನು ಹಾಡಿದರು ಎಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ. ಹಾಡು ಒಂದು ತಲೆಮಾರಿನ ಗಂಟಲಿನಿಂದ ಮತ್ತೊಂದು ತಲೆಮಾರಿನ ಗಂಟಲಿಗೆ ದಾಟಬೇಕು. ದಾಟದಿದ್ದರೆ ಎಷ್ಟು ಮತ್ತರು ಭೂಮಿಯಿದ್ದರೂ ಅದು ಅಲ್ಲಿಗೇ ನಿಲ್ಲುತ್ತದೆ.

ಇಂದಿನ ಪರಿಸ್ಥಿತಿ ನೋಡೋಣ. ಕರ್ನಾಟಕದ ಜೈನರಲ್ಲಿ ಅತಿ ಹೆಚ್ಚಿನವರು ಇರುವುದು ಬೆಳಗಾವಿ ಜಿಲ್ಲೆಯಲ್ಲಿಯೇ. ಆದರೆ ಅವರ ದಟ್ಟಣೆ ಚಿಕ್ಕೋಡಿ, ಅಥಣಿ, ರಾಯಬಾಗಗಳ ಕಡೆಗೆ, ಕೃಷ್ಣೆ ದೂಧಗಂಗೆಯರ ಸೀಮೆಯಲ್ಲಿ. ದಕ್ಷಿಣಕ್ಕೆ ಮಲಪ್ರಭೆಯ ಎರೆಭೂಮಿಗೆ ಇಳಿದಂತೆ ಮನೆಗಳು ವಿರಳವಾಗುತ್ತವೆ. ಒಂದು ಊರಿನಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಎರಡೇ. ಮಕ್ಕಳು ಹುಬ್ಬಳ್ಳಿಯಲ್ಲಿಯೋ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ನೌಕರಿಯಲ್ಲಿದ್ದಾರೆ. ಉಪಾಧ್ಯೆಯವರು ಬೆಳಗಿನ ಅಭಿಷೇಕ ಮುಗಿಸಿ ಹೊಲಕ್ಕೆ ಹೋಗುತ್ತಾರೆ. ಸಂಜೆ ದೀಪ ಹಚ್ಚಲು ಬಂದವರು ಮೊಬೈಲಿನಲ್ಲಿ ಭಕ್ತಾಮರ ಸ್ತೋತ್ರವನ್ನು ಹಚ್ಚಿಟ್ಟು ಕೈಮುಗಿದು ಹೋಗುತ್ತಾರೆ. ನಲವತ್ತೆಂಟು ಪದ್ಯಗಳೂ ಶುದ್ಧವಾಗಿ, ಇಂಪಾಗಿ, ಯಾರಿಲ್ಲದ ನವರಂಗದಲ್ಲಿ ಪೂರ್ತಿಯಾಗುತ್ತವೆ.

ಕರೆಸಿ ಹಾಡಿಸುವುದನ್ನು ಸಮರ್ಥಿಸುವವರಿಗೆ ಶಾಸ್ತ್ರದ ಬಲವೂ ಇದೆ, ಅದನ್ನು ಅಲ್ಲಗಳೆಯಲಾಗದು. ತತ್ತ್ವಾರ್ಥ ಸೂತ್ರದ ಆರನೆಯ ಅಧ್ಯಾಯ ಆಸ್ರವವನ್ನು ವಿವರಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನು ಹೇಳುತ್ತದೆ: ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಸಂಕಲ್ಪ, ಸಿದ್ಧತೆ, ಆರಂಭವೆಂಬ ಮೂರು; ಮನ, ವಚನ, ಕಾಯವೆಂಬ ಮೂರು; ಈ ಕೃತಾದಿ ಮೂರು; ಕಷಾಯಗಳು ನಾಲ್ಕು. ಗುಣಿಸಿದರೆ ನೂರೆಂಟು. ಜಪಮಾಲೆಯ ಮಣಿಗಳು ನೂರೆಂಟು ಏಕೆಂದು ಕೇಳುವ ಮಕ್ಕಳಿಗೆ ಹಿರಿಯರು ಕೊಡುವ ಉತ್ತರವೂ ಇದೇ. ಮಾಡಿಸಿದ ಹಿಂಸೆಯ ಪಾಪ ಮಾಡಿಸಿದವನಿಗೆ ತಗಲುವುದಾದರೆ, ಮಾಡಿಸಿದ ಭಕ್ತಿಯ ಪುಣ್ಯವೂ ಅವನಿಗೆ ಬರಲೇಬೇಕಲ್ಲವೇ? ತರ್ಕ ಸರಿಯಾಗಿಯೇ ಇದೆ. ಪಂಚಕಲ್ಯಾಣಕ್ಕೆ ಹಣ ಕೊಟ್ಟವರಿಗೆ ಆ ಶುಭಭಾವದ ಫಲವಿಲ್ಲವೆಂದು ಯಾರೂ ಹೇಳಲಾರರು.

ಆದರೆ ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ವಿಷಯ ಬದಲಾಗುತ್ತದೆ. ಅಲ್ಲಿ ಮಾತು ಕರ್ಮ ಒಳಬರುವ ಬಗೆಯನ್ನು ಬಿಟ್ಟು ಅದನ್ನು ತಡೆಯುವ, ಉದುರಿಸುವ ಬಗೆಗೆ ತಿರುಗುತ್ತದೆ. ಆರು ಅಂತರಂಗ ತಪಸ್ಸುಗಳಲ್ಲಿ ವಿನಯ, ವೈಯಾವೃತ್ಯ, ಸ್ವಾಧ್ಯಾಯಗಳಿವೆ. ಸ್ವಾಧ್ಯಾಯದ ಐದು ಭೇದಗಳಲ್ಲಿ ಆಮ್ನಾಯ ಒಂದು. ಉಚ್ಚಾರ ಕೆಡದಂತೆ ಪಾಠವನ್ನು ಮತ್ತೆ ಮತ್ತೆ ಹೇಳುವುದೇ ಆಮ್ನಾಯ. ಸಾಮೂಹಿಕ ಭಜನೆಗೆ ಶಾಸ್ತ್ರದಲ್ಲಿ ನೆಲೆ ಹುಡುಕುವುದಾದರೆ ಅದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ತಪಸ್ಸಿನಲ್ಲಿ ಕಾರಿತದ ಲೆಕ್ಕ ಪೂರ್ತಿಯಾಗಿ ನಡೆಯುವುದಿಲ್ಲ. ಪಾರಣೆಗೆ ವ್ಯವಸ್ಥೆ ಮಾಡಿದವನಿಗೆ ಪುಣ್ಯವಿದೆ. ಆದರೆ ಅವನ ಹಸಿವು ಗೆದ್ದಂತಾಗಲಿಲ್ಲ.

ಹಾಗಾದರೆ ಒಟ್ಟಾಗಿ ಹಾಡುವಾಗ ಗೆಲ್ಲಬೇಕಾದ ಹಸಿವು ಯಾವುದು? ಇದನ್ನು ತಿಳಿಯಲು ನಮ್ಮ ಕಡೆಯ ಭಜನೆಯ ರೀತಿಯನ್ನೇ ಗಮನಿಸಬೇಕು. ಅಮಾವಾಸ್ಯೆಯ ರಾತ್ರಿಯಲ್ಲಿ, ಶ್ರಾವಣದಲ್ಲಿ, ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಜನ ಕೂಡುತ್ತಾರೆ. ಏಕತಾರಿ, ದಮ್ಮಡಿ, ತಾಳ, ಅನುಕೂಲವಿದ್ದಲ್ಲಿ ಪೇಟಿ, ತಬಲಾ. ಮುಂದಾಳು ಒಂದು ನುಡಿಯನ್ನು ಎತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿಯುತ್ತಾರೆ. ಹಿಮ್ಮೇಳದವನಿಗೆ ಇರುವ ಕೆಲಸ ಎರಡು: ಬಾಯಿ ತೆರೆಯುವುದು, ಕಿವಿ ತೆರೆಯುವುದು. ಎರಡನೆಯದು ಹೆಚ್ಚು ಕಠಿಣ. ತನ್ನ ಧ್ವನಿ ಪಕ್ಕದವನ ಧ್ವನಿಯನ್ನು ಮುಚ್ಚುತ್ತಿದೆಯೇ ಎಂದು ಕೇಳಿಸಿಕೊಳ್ಳಬೇಕು, ಮುಚ್ಚುತ್ತಿದ್ದರೆ ತಗ್ಗಿಸಬೇಕು. ಮುಪ್ಪಿನವರ ಉಸಿರು ಬೇಗ ಮುಗಿಯುತ್ತದೆ, ಅವರಿಗಾಗಿ ತಾನು ಸಾಲನ್ನು ಎಳೆದು ಹಿಡಿಯಬೇಕು. ಎಳೆಯರು ಲಯ ಓಡಿಸುತ್ತಾರೆ, ಅವರನ್ನು ಗದರದೆ ತಾಳದಿಂದ ಹಿಂದಕ್ಕೆ ತರಬೇಕು. ಸಮೂಹದಲ್ಲಿ ಹಾಡುವವನು ನಿಮಿಷ ನಿಮಿಷಕ್ಕೂ ತನ್ನ ಮಾನಕಷಾಯದ ಜೊತೆ ವ್ಯವಹಾರ ನಡೆಸಬೇಕಾಗುತ್ತದೆ. ಪ್ರವಚನದಲ್ಲಿ ವಿನಯವನ್ನು ಕುರಿತು ಒಂದು ತಾಸು ಕೇಳುವುದಕ್ಕೂ, ತನ್ನ ಕಂಠವನ್ನು ಹತ್ತು ನಿಮಿಷ ಮತ್ತೊಬ್ಬರ ಕಂಠಕ್ಕೆ ಹೊಂದಿಸುವುದಕ್ಕೂ ಬಹಳ ಅಂತರವಿದೆ. ದುಡ್ಡು ಕೊಟ್ಟು ಕರೆಸಿದಾಗ ನಮ್ಮ ಕೈತಪ್ಪುವುದು ಈ ಅಭ್ಯಾಸವೇ.

ವೀತರಾಗನ ಮುಂದೆ ರಾಗವೇಕೆ ಎಂದು ಕೆಲವರು ಕೇಳುವುದುಂಟು. ಶಬ್ದದ ಚಮತ್ಕಾರವೆಂದು ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಕರ್ಣೇಂದ್ರಿಯದ ಸುಖವೂ ವಿಷಯಸುಖವೇ. ಇಂಪಾದ ಸ್ವರದಲ್ಲಿ ಮನಸ್ಸು ಸಿಕ್ಕಿಕೊಂಡರೆ ಸ್ತುತಿಯ ಅರ್ಥ ಮರೆತುಹೋಗುತ್ತದೆ. ಆದರೂ ನಮ್ಮ ಹಿರಿಯರು ಹಾಡನ್ನು ಬಿಡಲಿಲ್ಲ. ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ಭರತೇಶ ವೈಭವದ ಸುಮಾರು ಹತ್ತು ಸಾವಿರ ಪದ್ಯಗಳನ್ನು ಬರೆದದ್ದು ಸಾಂಗತ್ಯದಲ್ಲಿ. ಅದು ಹಾಡಲೆಂದೇ ಇರುವ ಮಟ್ಟು. ಪಂಡಿತರಲ್ಲದವರ ಬಾಯಲ್ಲಿಯೂ ನಿಲ್ಲುವಂಥದು. ಭೋಗದ ನಡುವೆ ಇದ್ದೂ ಅಂಟದೆ ಇದ್ದ ಭರತನ ಕಥೆಗೆ ಹಾಡಿನ ಮಟ್ಟನ್ನೇ ಆರಿಸಿಕೊಂಡದ್ದು ಆ ಕವಿಯ ವಿವೇಕವೆಂದೇ ನಾವು ಭಾವಿಸುತ್ತೇವೆ. ಇಂಪಿನಲ್ಲಿದ್ದೂ ಇಂಪಿಗೆ ಅಂಟದಿರುವುದನ್ನು ಎಲ್ಲಿ ಕಲಿಯಬೇಕು? ಕುಳಿತು ಆಲಿಸುವವನಿಗಿಂತ ಹಾಡುವವನಿಗೆ ಇದು ಸುಲಭ. ಅವನಿಗೆ ಮಾಡಲು ಕೆಲಸವಿದೆ.

ಇಲ್ಲಿ ನೀಲಾಂಜನೆಯ ಪ್ರಸಂಗ ನೆನಪಾಗುತ್ತದೆ. ಕ್ರಿ.ಶ. 941ರಲ್ಲಿ ಪಂಪ ಆದಿಪುರಾಣದಲ್ಲಿ ಅದನ್ನು ಚಿತ್ರಿಸಿದ ಬಗೆ ಕನ್ನಡಿಗರಿಗೆಲ್ಲ ಪರಿಚಿತ. ವೃಷಭನಾಥನ ಸಭೆಯಲ್ಲಿ ಕುಣಿಯುತ್ತಿದ್ದ ದೇವನರ್ತಕಿಯ ಆಯುಷ್ಯ ಕುಣಿತದ ನಡುವೆಯೇ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂಥ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ನೃತ್ಯ ತಡೆಯಿಲ್ಲದೆ ಮುಂದುವರಿಯುತ್ತದೆ, ಸಭೆ ತಲೆದೂಗುತ್ತಲೇ ಇರುತ್ತದೆ. ಒಬ್ಬಳು ಹೋದದ್ದು, ಬೇರೊಬ್ಬಳು ಬಂದದ್ದು ಕಂಡದ್ದು ಆದಿನಾಥನಿಗೆ ಮಾತ್ರ. ವೈರಾಗ್ಯ ಹುಟ್ಟಿದ್ದೂ ಆತನಿಗೆ. ಈ ಕಥೆಯನ್ನು ನಾವು ಸಾಮಾನ್ಯವಾಗಿ ದೇಹದ ಅನಿತ್ಯತೆಗೆ ದೃಷ್ಟಾಂತವಾಗಿ ಹೇಳುತ್ತೇವೆ. ಪ್ರೇಕ್ಷಕರ ಕಡೆಯಿಂದಲೂ ಅದನ್ನು ನೋಡಬಹುದು. ರಂಜನೆಗೆ ಸೇರಿದ ಸಭೆಯಲ್ಲಿ ವ್ಯಕ್ತಿ ಬದಲಾದರೂ ಯಾರಿಗೂ ತಿಳಿಯುವುದಿಲ್ಲ. ಕರೆಸಿದ ವಾದ್ಯವೃಂದದಲ್ಲಿ ಕಳೆದ ವರ್ಷದ ಗಾಯಕ ಈ ವರ್ಷ ಏಕಿಲ್ಲ ಎಂದು ನಾವು ಕೇಳುವುದಿಲ್ಲ. ಧ್ವನಿಮುದ್ರಿಕೆಯಲ್ಲಿ ಹಾಡಿದವರು ಬದುಕಿದ್ದಾರೆಯೇ ಎಂಬ ವಿಚಾರವೂ ಬರುವುದಿಲ್ಲ. ಎಂಟು ಜನರ ಹಿಮ್ಮೇಳದಲ್ಲಾದರೋ ಒಬ್ಬರು ಬಾರದಿದ್ದರೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಭಜನೆ ಮುಗಿದ ಮೇಲೆ ಇಬ್ಬರು ಅವರ ಮನೆಯತ್ತ ನಡೆಯುತ್ತಾರೆ. ನಾಲ್ಕೇ ಮನೆಗಳಿರುವ ಊರಿನಲ್ಲಿ, ಮಕ್ಕಳು ದೂರವಿರುವ ವೃದ್ಧರ ಪಾಲಿಗೆ, ಇದು ಸಣ್ಣ ಸಂಗತಿಯಲ್ಲ. ಶಾಸ್ತ್ರ ಇದನ್ನೇ ವೈಯಾವೃತ್ಯವೆಂದು ಕರೆಯುವುದು.

ಹಾಡಿಸುವುದರ ಮತ್ತೊಂದು ಮುಖವನ್ನು ಸವದತ್ತಿಯ ಸೀಮೆಯವರು ಬಲ್ಲರು. ಊರಿನ ಹತ್ತಿರದ ಗುಡ್ಡದ ಮೇಲೆ ರೇಣುಕಾ ಯಲ್ಲಮ್ಮನ ಕ್ಷೇತ್ರವಿದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಉಧೋ ಉಧೋ ಎಂದು ಒಂದೇ ಧ್ವನಿಯಲ್ಲಿ ಕೂಗುತ್ತ ಗುಡ್ಡ ಏರುತ್ತಾರೆ. ಆ ಒಕ್ಕೊರಲಿನ ಶಕ್ತಿ ಅನ್ಯಮತದವರ ಮೈಯನ್ನೂ ಝುಮ್ಮೆನಿಸುತ್ತದೆ. ಚೌಡಿಕೆ ಹಿಡಿದು ಹಾಡುವ ಜೋಗತಿಯರ ಪದಗಳಲ್ಲಿ ಈ ನೆಲದ ಅಪೂರ್ವವಾದ ಕಥನಸಂಪತ್ತು ಇದೆ. ಆದರೆ ಆ ಹಾಡಿನ ಹಿಂದೆ ಬಡ ಮನೆತನಗಳ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟ ದುಃಖದ ಚರಿತ್ರೆಯೂ ಇದೆ. 1982ರಲ್ಲಿ ಕರ್ನಾಟಕದ ವಿಧಾನಮಂಡಲ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಯಿತು. ಮನೆತನದ ಭಕ್ತಿಯನ್ನು ಒಬ್ಬ ಹುಡುಗಿಯ ಹೆಗಲಿಗೆ ಏರಿಸಿ, ನಮ್ಮ ಪರವಾಗಿ ನೀನು ಹಾಡು, ನಮ್ಮ ಪರವಾಗಿ ನೀನು ಬೇಡು ಎಂದು ಕಳಿಸಿದ ಪದ್ಧತಿ ಅದು. ಗೌರವದ ಸಂಭಾವನೆ ಪಡೆದು ಹಾಡುವ ಕಲಾವಿದರನ್ನು ಇದಕ್ಕೆ ಹೋಲಿಸುವುದು ಸರ್ವಥಾ ಅನ್ಯಾಯ, ನಾವು ಹೋಲಿಸುತ್ತಿಲ್ಲ. ಭಕ್ತಿಯನ್ನು ಮತ್ತೊಬ್ಬರಿಗೆ ವಹಿಸಿ ತಾನು ಮುಕ್ತನಾಗುವ ಮನೋವೃತ್ತಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಈ ನೆಲವೇ ಸಾಕ್ಷಿಯಾಗಿರುವಾಗ ಅದನ್ನು ಮರೆತು ಬರೆಯುವುದು ಸರಿಯೆನಿಸಲಿಲ್ಲ.

ಕಲಾವಿದರ ವಿಷಯ ಬಂತು. 1911ರಲ್ಲಿ ಮುರಗೋಡದಲ್ಲಿ ಹುಟ್ಟಿ, ಸಾವಿರ ಹಾಡಿನ ಸರದಾರರೆಂದು ನಾಡೆಲ್ಲ ಹೆಸರಾದ ಹುಕ್ಕೇರಿ ಬಾಳಪ್ಪನವರು ಇದೇ ಸೀಮೆಯವರು. ಅಂಥ ಕಂಠದ ಮುಂದೆ ತಾನು ಸುಮ್ಮನಾಗಿ ಕೇಳುವುದೂ ವಿನಯವೇ. ಒಳ್ಳೆಯ ಗಾಯಕರನ್ನು ಕರೆಸಬಾರದೆಂಬ ಹಟ ನಮ್ಮದಲ್ಲ. ಕರೆಸಿದ ಗಾಯಕ ಒಂದು ರಾತ್ರಿ ಹಾಡಿ ಹೋಗುವ ಬದಲು ಎರಡು ದಿನ ಇದ್ದು ಊರಿನವರಿಗೆ ನಾಲ್ಕು ಹಾಡು ಕಲಿಸಿ ಹೋದರೆ ಅದೇ ಹಣ ಎಷ್ಟೋ ಪಟ್ಟು ಕೆಲಸ ಮಾಡುತ್ತದೆ. ಇದು ಕಲ್ಪನೆಯ ಮಾತಲ್ಲ. ಜೈನ ಮನೆತನದ ಹೆಗ್ಗಡೆಯವರು ಧರ್ಮಾಧಿಕಾರಿಗಳಾಗಿರುವ ಧರ್ಮಸ್ಥಳದಲ್ಲಿ ಎರಡು ದಶಕಗಳಿಗೂ ಮಿಕ್ಕಿ ಭಜನಾ ತರಬೇತಿ ಕಮ್ಮಟಗಳು ನಡೆಯುತ್ತ ಬಂದಿವೆ. ಹಳ್ಳಿಗಳಿಂದ ಬಂದವರು ಕಲಿತು ಹಿಂತಿರುಗಿ ತಮ್ಮ ಮಂಡಳಿಗಳಿಗೆ ಕಲಿಸುತ್ತಾರೆ. ಅಲ್ಲಿ ಕಲಿಯುವವರಲ್ಲಿ ಬಹುಪಾಲು ಜೈನರಲ್ಲ ಎಂಬುದನ್ನು ನಮ್ಮ ಟ್ರಸ್ಟುಗಳು ಗಮನಿಸಬೇಕು. ನಮ್ಮ ಬಸದಿಗಳಲ್ಲಿಯೂ ನಾಲ್ಕು ಮನೆಗಳ ಹಿಮ್ಮೇಳ ಸಾಲದೆ ಹೋದಾಗ ಪಕ್ಕದ ಓಣಿಯ ಭಜನಾ ಮೇಳದವರು ಬಂದು ತಾಳ ಹಿಡಿದರೆ ಅದರಿಂದ ಸಮ್ಯಕ್ತ್ವಕ್ಕೆ ಧಕ್ಕೆಯೇನೂ ಇಲ್ಲ. ಅವರ ಸಪ್ತಾಹಕ್ಕೆ ನಮ್ಮವರು ಹೋಗಿ ಕುಳಿತರೂ ಅಷ್ಟೆ.

ಸಾಮೂಹಿಕ ಗಾಯನದಿಂದ ಆರೋಗ್ಯ ಸುಧಾರಿಸುತ್ತದೆ ಎಂಬ ಮಾತು ಈಗೀಗ ಬಹಳ ಕೇಳಿಬರುತ್ತದೆ. ಅದು ನಿರಾಧಾರವಲ್ಲ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯೂ ನಮ್ಮ ದೇಶದ ಮಂತ್ರಪಠಣವೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು ಆರರಷ್ಟಕ್ಕೆ ಇಳಿಸುವುದು ಕಂಡುಬಂತು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 2013ರಲ್ಲಿ ನಡೆದ ಪ್ರಯೋಗದಲ್ಲಿ ಒಟ್ಟಾಗಿ ಹಾಡುವವರ ಹೃದಯದ ಬಡಿತಗಳು ಒಂದೇ ಲಯದಲ್ಲಿ ಏರಿಳಿದವು. ಉಸಿರು ಒಟ್ಟಾದದ್ದೇ ಇದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೆಚ್ಚು ವಿಚಾರಣೀಯ. ಹಾಡು ಕಲಿಯುವ ತರಗತಿಗಳನ್ನೂ ಕರಕುಶಲ ಕೆಲಸ ಮತ್ತು ಬರವಣಿಗೆಯ ತರಗತಿಗಳನ್ನೂ ಏಳು ತಿಂಗಳ ಕಾಲ ಹೋಲಿಸಿ ನೋಡಿದಾಗ, ಅಪರಿಚಿತರು ಒಬ್ಬರಿಗೊಬ್ಬರು ಬೇಗ ಹತ್ತಿರವಾದದ್ದು ಹಾಡಿನ ತರಗತಿಯಲ್ಲಿ. ಉಳಿದವರೂ ಕೊನೆಗೆ ಅಷ್ಟೇ ಹತ್ತಿರವಾದರು, ಆದರೆ ನಿಧಾನವಾಗಿ.

ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಇವನ್ನೇ ಮುಂದಿಟ್ಟು ಜನರನ್ನು ಭಜನೆಗೆ ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. ರಕ್ತದೊತ್ತಡ ಇಳಿಯಲೆಂದು ಜಿನಸ್ತುತಿ ಮಾಡುವುದು ನಿದಾನಶಲ್ಯದ ನೆರೆಮನೆಯಲ್ಲಿ ನಿಂತಂತೆ. ನಿದಾನವೆಂದರೆ ಮುಂದಣ ಭೋಗದ ಆಕಾಂಕ್ಷೆ ಎಂಬುದು ಶಾಸ್ತ್ರಾರ್ಥ, ನಿಜ. ಆರೋಗ್ಯದ ಬಯಕೆಯನ್ನು ಅದಕ್ಕೆ ಸಮನೆನ್ನುವುದು ಕಟುವಾದೀತು. ಆದರೂ ವ್ರತಕ್ಕೆ ಬೆಲೆ ಕಟ್ಟುವ ಅಭ್ಯಾಸ ಒಮ್ಮೆ ಹತ್ತಿದರೆ, ಬೇರೆಡೆ ಅಗ್ಗಕ್ಕೆ ಸಿಕ್ಕಾಗ ವ್ರತವನ್ನು ಬಿಡುವುದೂ ಅಷ್ಟೇ ಸುಲಭ.

ಧ್ವನಿವರ್ಧಕದ ಬಗ್ಗೆ ಎರಡು ಮಾತು ಹೇಳಲೇಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಸರಕಾರ ಸಡಿಲಿಸಿದ ಕೆಲವೇ ಹಬ್ಬದ ದಿನಗಳನ್ನು ಬಿಟ್ಟರೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಕಾಯಿದೆ ಹೇಳುವ ಮುನ್ನವೇ ಅಹಿಂಸಾಣುವ್ರತಿಗಳಿಗೆ ಇದು ತಿಳಿದಿರಬೇಕಿತ್ತು. ನೀರನ್ನು ಸೋಸಿ ಕುಡಿಯುವ ಮನೆಯವರು ನೆರೆಮನೆಯ ರೋಗಿಯ ನಿದ್ದೆಯನ್ನು ಕೆಡಿಸಬಹುದೇ? ಹಿಮ್ಮೇಳದ ಹಾಡಿಗೆ ಯಂತ್ರ ಬೇಡ. ಅದಕ್ಕೆ ತನ್ನದೇ ಆದ ಅಳತೆಯಿದೆ. ಕುಳಿತ ಜನರ ಎದೆಯ ಉಸಿರಿಗಿಂತ ಅದು ದೊಡ್ಡದಾಗಲಾರದು.

ಪರ್ವದ ದಿನಗಳಲ್ಲಿ ನಡೆಸುವ ಭಜನಾ ಸ್ಪರ್ಧೆಗಳನ್ನು ಏನೆನ್ನಬೇಕು? ಮೊದಲ ಬಹುಮಾನ ಪಡೆದ ಮಹಿಳಾ ಮಂಡಳಿ, ಎರಡನೆಯದಕ್ಕೆ ಮುನಿಸಿಕೊಂಡ ಮಂಡಳಿ, ಕ್ಷಮಾವಾಣಿಯ ದಿನ ಪರಸ್ಪರ ಮಾತಿಲ್ಲ! ಇಂಥದನ್ನು ಕಂಡವರು ಸ್ಪರ್ಧೆಯೇ ಬೇಡವೆನ್ನುತ್ತಾರೆ. ಆದರೆ ನಮ್ಮ ಜಿಲ್ಲೆಯ ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿ ಎಂಬ ವಾದದ ಪರಂಪರೆಯಿದೆ. ಒಂದು ಮೇಳ ಪುರುಷತತ್ತ್ವದ ಹಿರಿಮೆಯನ್ನು ಹಾಡಿದರೆ ಮತ್ತೊಂದು ಶಕ್ತಿಯ ಹಿರಿಮೆಯನ್ನು ಹಾಡುತ್ತದೆ; ಸವಾಲಿಗೆ ಜವಾಬು ರಾತ್ರಿಯೆಲ್ಲ ಸಾಗುತ್ತದೆ. ಎದುರಿನವರ ಪಕ್ಷವನ್ನು ಚೆನ್ನಾಗಿ ಕೇಳಿಸಿಕೊಳ್ಳದವನು ಜವಾಬು ಕೊಡಲಾರ. ನಯವಾದವನ್ನು ಪುಸ್ತಕದಲ್ಲಿ ಓದಿದ ನಮಗಿಂತ ಆ ನಿರಕ್ಷರ ಹಾಡುಗಾರರು ಅದನ್ನು ಹತ್ತಿರದಿಂದ ಬಲ್ಲರೇನೋ! ಸ್ಪರ್ಧೆಯೇ ಬೇಕೆನ್ನುವವರು ಬಹುಮಾನದ ಬದಲು ಈ ಜವಾಬಿನ ಕ್ರಮವನ್ನು ನಮ್ಮ ತತ್ತ್ವವಿಚಾರಗಳಿಗೆ ಅಳವಡಿಸಿ ನೋಡಬಹುದು.

ಶ್ರುತಿ ಕೂಡದವರ ಪ್ರಶ್ನೆ ಉಳಿಯಿತು. ಪ್ರತಿಯೊಂದು ಮಂಡಳಿಯಲ್ಲಿಯೂ ಇಂಥವರೊಬ್ಬರು ಇರುತ್ತಾರೆ, ಅವರೇ ಎಲ್ಲರಿಗಿಂತ ಮೊದಲು ಬಂದು ಕುಳಿತಿರುತ್ತಾರೆ. ಅವರನ್ನು ಸುಮ್ಮನಿರಿಸಿದರೆ ಹಾಡು ಚೆಂದವಾಗುವುದು ನಿಜ. ಆದರೆ ಹಾಡು ತಪಸ್ಸಿನ ಪಾಲಿಗೆ ಸೇರಿದ್ದೆಂದು ಒಪ್ಪಿದ ಮೇಲೆ, ಚೆನ್ನಾಗಿ ಉಪವಾಸ ಮಾಡಲು ಬಾರದೆಂದು ಯಾರನ್ನಾದರೂ ಉಪವಾಸದಿಂದ ಹೊರಗಿಡುತ್ತೇವೆಯೇ? ಅವರ ಪಕ್ಕದಲ್ಲಿ ಗಟ್ಟಿ ಶ್ರುತಿಯ ಒಬ್ಬರನ್ನು ಕೂಡಿಸಿದರೆ ಆರು ತಿಂಗಳಲ್ಲಿ ಅರ್ಧ ದಾರಿ ಬರುತ್ತಾರೆ. ಉಳಿದರ್ಧಕ್ಕೆ ಮಿಕ್ಕವರ ಕ್ಷಮಾಗುಣವಿದೆ.

ಇನ್ನು ಹಾಡಲು ನಿಜವಾಗಿಯೂ ಆಗದವರು: ಹಾಸಿಗೆ ಹಿಡಿದವರು, ಧ್ವನಿ ಉಡುಗಿಹೋದ ಹಿರಿಯರು. ಅನುಮೋದನೆ ಎಂಬ ಮೂರನೆಯ ದಾರಿ ಇರುವುದು ಇವರಿಗಾಗಿ ಎಂದು ನಮಗೆ ತೋರುತ್ತದೆ. ಕೈಕಾಲು ಗಟ್ಟಿಯಿದ್ದವರು ಅದನ್ನು ನೆಪ ಮಾಡಿಕೊಳ್ಳಬಾರದು. ಐವತ್ತು ವರ್ಷ ಪಂಚಪರಮೇಷ್ಠಿಯ ಆರತಿಯನ್ನು ಹಾಡಿ, ಈಗ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿರುವ ಅಜ್ಜಿಯೊಬ್ಬರು ಹೊರಗಿನ ಹಾಡಿಗೆ ತುಟಿ ಅಲುಗಿಸಿದರೆ ಅವರ ಪಾಲು ಅಲ್ಲಿಗೆ ಪೂರ್ತಿಯಾಯಿತು. ಬಸದಿಯಿಂದ ಅಷ್ಟು ದೂರಕ್ಕೆ ಧ್ವನಿ ಮುಟ್ಟದಿದ್ದರೆ ತಿಂಗಳಲ್ಲಿ ಎರಡು ಚತುರ್ದಶಿಗಳ ಸಂಜೆ ಭಜನೆಯನ್ನು ಅವರ ಪಡಸಾಲೆಯಲ್ಲಿಯೇ ಕೂಡಿಸಬಹುದು. ತಾಳವೂ ಪೇಟಿಯೂ ಒಬ್ಬರು ಹೊತ್ತುಕೊಂಡು ಹೋಗುವಷ್ಟು ಹಗುರ.